ಗಾಜಿನ ಕೊಳವೆಗೆ ನಟ್ ಬಿಗಿಯುವ ಮುನ್ನ

"ಸೋರುತ್ತಿದೆಯೇ? ಇನ್ನೊಂದು ಸುತ್ತು ಬಿಗಿ." ಉಕ್ಕಿನ ಕೊಳವೆಗಳ ನಡುವೆ ಪಳಗಿದ ಕೈಗೆ ಮೊದಲು ನೆನಪಾಗುವ ಮದ್ದು ಇದೇ. ರಾಸಾಯನಿಕ ಕಾರ್ಖಾನೆಯ ಗಾಜಿನ ಕೊಳವೆಗೂ ಇದನ್ನೇ ಪ್ರಯೋಗಿಸಿದರೆ ಫ್ಲ್ಯಾಂಜ್ (ಎರಡು ಕೊಳವೆಗಳನ್ನು ಬೋಲ್ಟುಗಳಿಂದ ಜೋಡಿಸುವ ಬಳೆ) ಬಳಿ 'ಟಿಕ್' ಎಂಬ ಸದ್ದು, ಆಮೇಲೆ "ಎಷ್ಟೆಂದರೂ ಗಾಜು ತಾನೇ" ಎಂಬ ನಿಟ್ಟುಸಿರು. ನನಗೆ ಸಿಟ್ಟು ಬರುವುದು ಆ ನಿಟ್ಟುಸಿರಿನ ಮೇಲೆ. ಅದುಮಿ ನೋಡಿ, ಗಾಜು ಕಾಂಕ್ರೀಟನ್ನೂ ಮೀರಿಸುತ್ತದೆ. ಅದಕ್ಕೆ ಒಗ್ಗದಿರುವುದು ಎಳೆತ.

ಕಾರಣವನ್ನು 1921ರಲ್ಲಿ ಬಿಡಿಸಿಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಎಳೆದಾಗ ಬಲವೆಲ್ಲ ಗೀರಿನ ತುದಿಯಲ್ಲಿ ಜಮಾಯಿಸುತ್ತದೆ. ಹೊಸ ಬಟ್ಟೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟರೆ ಸಾಕು, ಉಳಿದದ್ದು ಸರ್ರನೆ ಹರಿಯುತ್ತದಲ್ಲ, ಹಾಗೆ. ಹೊಳೆಯ ನಡುವಿನ ಬಂಡೆಯನ್ನು ಬಳಸಿ ಹರಿಯುವಾಗ ನೀರು ಅದರ ಮಗ್ಗುಲಲ್ಲಿ ನುಗ್ಗುತ್ತದಲ್ಲ, ಹಾಗೂ ಹೌದು. ಉಕ್ಕಾದರೆ ಗೀರಿನ ತುದಿಯಲ್ಲಿ ಕೊಂಚ ಹಿಗ್ಗಿ ಮೊಂಡಾಗುತ್ತದೆ, ಬಿರುಕು ನಿಲ್ಲುತ್ತದೆ. ಗಾಜಿಗೆ ಆ ಉಪಾಯ ತಿಳಿಯದು. ಅದುಮಿದಾಗ ಮಾತ್ರ ಗೀರಿನ ಬಾಯಿ ಮುಚ್ಚಿಕೊಳ್ಳುತ್ತದೆ.

ಒಂದೇ ಬದಿಯ ನಟ್ಟನ್ನು ಗಟ್ಟಿಯಾಗಿ ಬಿಗಿದರೆ ಗಾಜಿನ ತುದಿ ಬಾಗಲು ನೋಡುತ್ತದೆ. ಬಾಗುವಿಕೆ ಎಂದರೆ ಒಂದು ಮಗ್ಗುಲಿಗೆ ಅದುಮು, ಎದುರಿನದಕ್ಕೆ ಎಳೆತ. ಅದಕ್ಕೇ ಲೋಹದ ಫ್ಲ್ಯಾಂಜ್ ಗಾಜನ್ನು ನೇರವಾಗಿ ಮುಟ್ಟುವುದಿಲ್ಲ: ದಪ್ಪಗೆ ಅರಳಿಸಿದ ಗಾಜಿನ ಅಂಚಿನ ಹಿಂದೆ ಮೆತ್ತನೆಯ ಬಳೆಯೊಂದು ಕೂತು ಒತ್ತಡವನ್ನು ಸುತ್ತಲೂ ಹಂಚುತ್ತದೆ. ಎರಡು ಗಾಜುಗಳ ನಡುವೆ, ಸೋರದಂತೆ ತಡೆಯಲು, ಟೆಫ್ಲಾನ್ ಗ್ಯಾಸ್ಕೆಟ್. ಆಮ್ಲಕ್ಕೆ ಜಗ್ಗದ ಈ ಟೆಫ್ಲಾನ್ ಒತ್ತಡದಲ್ಲಿ ಮಾತ್ರ ದಿನಗಳೆದಂತೆ ಚಪ್ಪಟೆಯಾಗಿ ಜರುಗುತ್ತದೆ, ಹಿಡಿತ ಸಡಿಲವಾಗುತ್ತದೆ. ಜೊತೆಗೆ ಬಿಸಿ. ನೂರು ಡಿಗ್ರಿ ಏರಿದರೆ ಈ ಕೊಳವೆಗಳ ಬೋರೋಸಿಲಿಕೇಟ್ ಗಾಜು (ಬಿಸಿಗೆ ಕಡಿಮೆ ಹಿಗ್ಗುವ ಬಗೆ) ಮೀಟರಿಗೆ ಹಿಗ್ಗುವುದು 0.33 ಮಿಲಿಮೀಟರ್, ಉಕ್ಕು ಸುಮಾರು 1.2.

ಈ ಜಗಳವನ್ನೆಲ್ಲ ನುಂಗಿಕೊಳ್ಳುವುದು ಬೋಲ್ಟಿಗೆ ಪೋಣಿಸಿದ ಪುಟ್ಟ ಸ್ಪ್ರಿಂಗ್. ಗ್ಯಾಸ್ಕೆಟ್ ತೆಳುವಾದರೆ ಅದು ಚಾಚಿಕೊಳ್ಳುತ್ತದೆ, ಗಾಜು ತಳ್ಳಿದರೆ ಕುಗ್ಗುತ್ತದೆ. ಅಡ್ಡಡ್ಡ ಎದುರಿನ ನಟ್ಟುಗಳನ್ನು ಸರದಿಯಲ್ಲಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆಳಕು ಕಾಣುತ್ತಿದೆಯೇ ಎಂದು ನೋಡಬೇಕು. ಸುರುಳಿಗಳು ಪೂರ್ತಿ ಕೂಡಿಕೊಂಡರೆ ಅದು ಬರಿಯ ವಾಷರಿನಂತೆ ವರ್ತಿಸುತ್ತದೆ. ಸರಿಯಾಗಿ ಬಿಗಿದ ಮೇಲೂ ಸೋರಿದರೆ ಸ್ಪ್ಯಾನರ್ ಕೆಳಗಿಟ್ಟು, ಕೊಳವೆಯನ್ನು ಬರಿದು ಮಾಡಿ, ಗ್ಯಾಸ್ಕೆಟ್ ಬಿಚ್ಚಿ ನೋಡಬೇಕು.