ಪುಣೆಯ 108: ನಿಮಿಷ ಎಣಿಸುವ ಮೇಲ್ವಿಚಾರಣೆ ಬಂದ ದಾರಿ

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಗೆ ದುಡಿಯಲು ಬಂದವರಿಗೆ 108 ಊರಲ್ಲೇ ಬಾಯಿಪಾಠವಾಗಿದ್ದ ಸಂಖ್ಯೆ. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ 2008ರ ನವೆಂಬರ್ 1ರಂದೇ ಶುರುವಾಗಿತ್ತು. ಮಹಾರಾಷ್ಟ್ರದಲ್ಲಿ ಅದೇ ಸಂಖ್ಯೆಗೆ ಗಾಡಿ ಬರತೊಡಗಿದ್ದು 2014ರಲ್ಲಿ. ಹಾಗೆಂದು ಅಲ್ಲಿಯವರೆಗೆ ಪುಣೆ ಜಿಲ್ಲೆಯಲ್ಲಿ ಆಂಬುಲೆನ್ಸ್ ಇರಲಿಲ್ಲವೆಂದಲ್ಲ. ಇದ್ದವು, ಆದರೆ ಒಂದೊಂದಕ್ಕೆ ಒಬ್ಬೊಬ್ಬ ಯಜಮಾನ. ಪ್ರಾಥಮಿಕ ಆರೋಗ್ಯ ಕೇಂದ್ರದ ಗಾಡಿ ಜಿಲ್ಲಾ ಪರಿಷತ್ತಿನ ಆರೋಗ್ಯಾಧಿಕಾರಿಯ ಕೈಕೆಳಗೆ, ಜಿಲ್ಲಾಸ್ಪತ್ರೆಯದು ಸಿವಿಲ್ ಸರ್ಜನ್ ಕೈಕೆಳಗೆ, ಊರೊಳಗಿನದು ಮಹಾನಗರಪಾಲಿಕೆಗೆ, ಉಳಿದವು ಟ್ರಸ್ಟಿನವರವು ಇಲ್ಲವೇ ಖಾಸಗಿಯವರವು.

ಆಗ ಮೇಲ್ವಿಚಾರಣೆ ಎಂದರೆ ಲಾಗ್‌ಬುಕ್. ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಡೀಸೆಲ್ ಕುಡಿಯಿತು, ಯಾರು ಸಹಿ ಹಾಕಿದರು. ಮೇಲಧಿಕಾರಿ ಕಾಯುತ್ತಿದ್ದದ್ದು ವಾಹನವನ್ನು. ಒಳಗೆ ಮಲಗಿದ ರೋಗಿಗೆ ದಾರಿಯಲ್ಲಿ ಏನಾಯಿತೆಂಬುದು ಆ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ.

2014ರ ವ್ಯವಸ್ಥೆ ಇದನ್ನು ತಲೆಕೆಳಗು ಮಾಡಿತು. ಇಡೀ ರಾಜ್ಯಕ್ಕೆ 937 ಗಾಡಿ. ಅದರಲ್ಲಿ 233 ಎಎಲ್‌ಎಸ್, ಅಂದರೆ ವೆಂಟಿಲೇಟರ್, ಡಿಫಿಬ್ರಿಲೇಟರ್ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಇರುವವು; ಉಳಿದ 704 ಬಿಎಲ್‌ಎಸ್, ಮೂಲ ಸಲಕರಣೆಯಷ್ಟೇ ಇರುವವು. ಐದು ಲಕ್ಷ ಜನಕ್ಕೊಂದು ಎಎಲ್‌ಎಸ್ ಎಂಬ ರಾಷ್ಟ್ರೀಯ ಲೆಕ್ಕಕ್ಕೆ ಮೊದಲ ಸಂಖ್ಯೆ ಹೆಚ್ಚುಕಡಿಮೆ ಹೊಂದುತ್ತಿತ್ತು; ಲಕ್ಷಕ್ಕೊಂದು ಬಿಎಲ್‌ಎಸ್ ಎಂಬ ಲೆಕ್ಕಕ್ಕೆ ಎರಡನೆಯದು ಸಾಲುತ್ತಿರಲಿಲ್ಲ. ಕರೆಗಳೆಲ್ಲ ಪುಣೆಯ ಔಂಧ್‌ನಲ್ಲಿದ್ದ ಒಂದೇ ಕೇಂದ್ರಕ್ಕೆ. ಗಾಡಿಗೆ ಜಿಪಿಎಸ್ ಬಂತು, ನಗರದಲ್ಲಿ 20 ನಿಮಿಷ, ಹಳ್ಳಿಯಲ್ಲಿ 30 ನಿಮಿಷ ಎಂಬ ಗುರಿ ಬಂತು. ನಿಮಿಷವನ್ನು ಕಂಪ್ಯೂಟರೇ ಎಣಿಸುತ್ತದೆ, ವಾದಕ್ಕೆ ಎಡೆಯಿಲ್ಲ. ಹೀಗಾಗಿ ಜಿಲ್ಲೆಯ ಮೇಲ್ವಿಚಾರಕರ ಬೆಳಗು ‘ತಡವಾದ ಕೇಸು’ಗಳ ಪಟ್ಟಿಯಿಂದ ಶುರುವಾಗತೊಡಗಿತು.

ಎಣಿಸುವುದನ್ನೇ ಸಿಬ್ಬಂದಿ ಸರಿಪಡಿಸುತ್ತಾರೆ, ಅದು ಸಹಜ. ‘ಸ್ಥಳ ತಲುಪಿದೆ’ ಎಂಬ ಗುಂಡಿಯನ್ನು ರಸ್ತೆಯ ತಿರುವಿನಲ್ಲೇ ಒತ್ತುವುದು ಹಳೆಯ ಚಾಳಿ. ಹಿಡಿಯುವುದು ಕಷ್ಟವಲ್ಲ: ಗುಂಡಿ ಒತ್ತಿದ ಕ್ಷಣದಲ್ಲಿ ಜಿಪಿಎಸ್ ವೇಗ ಸೊನ್ನೆಯಿರಬೇಕು. 35 ತೋರಿಸಿದರೆ ಗಾಡಿ ಇನ್ನೂ ಓಡುತ್ತಿತ್ತು ಎಂದೇ ಅರ್ಥ. ಆದರೆ ನಿಜವಾದ ಸೋರಿಕೆ ಬಹುಮಟ್ಟಿಗೆ ಬೇರೆ ಕಡೆ ಇರುತ್ತದೆ. ಆಸ್ಪತ್ರೆಯಲ್ಲಿ ಖಾಲಿ ಟ್ರಾಲಿ ಸಿಗದೆ ಗಾಡಿಯ ಸ್ಟ್ರೆಚರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಟ್ರೆಚರ್ ಬಿಟ್ಟು ಗಾಡಿ ಹೊರಡುವಂತಿಲ್ಲ. ಮುಂದಿನ ಕರೆಗೆ ದೂರದ ಗಾಡಿ ಹೋಗುತ್ತದೆ, ತಡ ಅದರ ಹೆಸರಿಗೆ ಬರೆಯಲ್ಪಡುತ್ತದೆ.

ಗಡಿಯಾರಕ್ಕೆ ಕಾಣದ್ದರಲ್ಲಿ ಮೊದಲನೆಯದು ಆಮ್ಲಜನಕ. ಬಿ ಟೈಪ್ ಸಿಲಿಂಡರ್ ತುಂಬಿದಾಗ ಮೀಟರ್ 150 ತೋರಿಸುತ್ತದೆ, ಒಳಗೆ ಸುಮಾರು 1500 ಲೀಟರ್. ಅಂದರೆ ಮೀಟರಿನ ಒಂದೊಂದು ಅಂಕಕ್ಕೆ ಸುಮಾರು ಹತ್ತು ಲೀಟರ್. ಪಾಳಿ ಬದಲಾಗುವಾಗ ಮುಳ್ಳು 60ರಲ್ಲಿದೆ ಎನ್ನಿ. 15 ಮೀಸಲು ಕಳೆದರೆ ಉಳಿಯುವುದು 450 ಲೀಟರ್. ಚೀಲದ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಬಿಟ್ಟರೆ ಅರ್ಧ ಗಂಟೆಗೆ ಮುಗಿಯಿತು. ಕೋಥ್ರೂಡಿನಿಂದ ಸಸೂನ್ ಆಸ್ಪತ್ರೆಗೆ ಅದು ಹೇಗೋ ಸಾಕು. ವೆಲ್ಹೆ, ಭೋರ್ ಕಡೆಯ ಘಟ್ಟದ ಹಳ್ಳಿಯಿಂದ ಪುಣೆಗೆ ಬರುವ ರೋಗಿಗೆ ಅರ್ಧ ದಾರಿಗೂ ಸಾಲದು. ಆದರೂ ತಪಾಸಣೆ ಹಾಳೆಯಲ್ಲಿ ‘ಆಕ್ಸಿಜನ್: ಇದೆ’ ಎಂದು ಟಿಕ್ ಹಾಕಿರುತ್ತದೆ, ಮತ್ತು ಅದು ಸುಳ್ಳೂ ಅಲ್ಲ! ಆ ಕಾಲಂನಲ್ಲಿ ಟಿಕ್ ಬದಲು ಮೀಟರಿನ ಸಂಖ್ಯೆ ಬರೆಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧ ಸಿಲಿಂಡರಿನ ಸ್ಪ್ಯಾನರ್ ಕಳೆದುಹೋಗುವುದು. ಅದನ್ನು ದಾರದಿಂದ ಕಟ್ಟಿಡಬೇಕು.

ಬಾಯಿ, ಗಂಟಲಿನ ಕಫ, ರಕ್ತ ಹೀರುವ ಸಕ್ಷನ್ ಯಂತ್ರದ್ದೂ ಇದೇ ಪಾಡು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಟಿಕ್ ಬೀಳುತ್ತದೆ. ಕೊಳವೆಯ ತುದಿಗೆ ಹೆಬ್ಬೆರಳು ಒತ್ತಿ ಹೀರುವ ಒತ್ತಡದ ಮುಳ್ಳು 300 ದಾಟುತ್ತದೆಯೇ ನೋಡಬೇಕು. ದಾಟದಿದ್ದರೆ ಜಾಡಿಯ ಮುಚ್ಚಳ ಸಡಿಲ, ಇಲ್ಲವೇ ಕೊಳವೆ ಸೀಳಿದೆ. ಏಪ್ರಿಲ್, ಮೇ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಸಕ್ಕರೆ ನೋಡುವ ಸ್ಟ್ರಿಪ್‌ಗಳು ದಿನಾಂಕ ಮೀರುವ ಮೊದಲೇ ಕೆಡುತ್ತವೆ, ಇದು ಯಾವ ಹಾಳೆಯಲ್ಲೂ ಬರುವುದಿಲ್ಲ.

ಇನ್ನು ರೋಗಿಯ ದಾಖಲೆ. ಒಂದು ತಿಂಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದರೆ ಗೊತ್ತಾಗುತ್ತದೆ. ರಕ್ತದೊತ್ತಡ 120/80, ನಾಡಿ 80, ಉಸಿರು 18; ಹೊಟ್ಟೆನೋವಿಗೂ ಅದೇ, ಬೈಕ್ ಬಿದ್ದವನಿಗೂ ಅದೇ. ಅಳೆದಿಲ್ಲ, ಬರೆದಿದ್ದಾರೆ. ಗಂಭೀರ ರೋಗಿಗೆ ಐದು ನಿಮಿಷಕ್ಕೊಮ್ಮೆ, ಸ್ಥಿರವಾಗಿದ್ದವರಿಗೆ ಹದಿನೈದು ನಿಮಿಷಕ್ಕೊಮ್ಮೆ ಅಳೆಯುವುದು ರೂಢಿ. ಒಂದೇ ಸಾಲು ಇದ್ದರೆ ದಾರಿಯುದ್ದಕ್ಕೂ ರೋಗಿಯನ್ನು ಯಾರೂ ಮತ್ತೆ ನೋಡಿಲ್ಲವೆಂದೇ ಅನುಮಾನ.

ಇಲ್ಲಿ ಎರಡು ರಾಜ್ಯಗಳ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ಕರ್ನಾಟಕದ ಗಾಡಿಯಲ್ಲಿ ತರಬೇತಿ ಪಡೆದ ಇಎಂಟಿ (ತುರ್ತು ಚಿಕಿತ್ಸಾ ತಂತ್ರಜ್ಞ) ಇರುತ್ತಾರೆ, ಮಹಾರಾಷ್ಟ್ರದಲ್ಲಿ ಮೊದಲಿನಿಂದಲೂ ವೈದ್ಯರು. ಅವರಲ್ಲಿ ಬಿಎಎಂಎಸ್ (ಆಯುರ್ವೇದ), ಬಿಎಚ್‌ಎಂಎಸ್ (ಹೋಮಿಯೋಪಥಿ) ಓದಿದವರೇ ಹೆಚ್ಚು. ವೈದ್ಯರಿರುವುದು ಒಳ್ಳೆಯದೇ. ಆದರೆ ಇಎಂಟಿ ಮದ್ದು ಕೊಡುವ ಮೊದಲು ಕೇಂದ್ರದ ವೈದ್ಯರನ್ನು ಕೇಳಬೇಕು, ಆ ಮಾತು ದಾಖಲಾಗಿ ಉಳಿಯುತ್ತದೆ. ಗಾಡಿಯಲ್ಲೇ ವೈದ್ಯರಿದ್ದರೆ ಕೇಳಬೇಕಾದ ಅನಿವಾರ್ಯ ಕಡಿಮೆ, ಆಮೇಲೆ ಪರಿಶೀಲಿಸಲು ಉಳಿಯುವುದು ಆ ಹಾಳೆ ಒಂದೇ. ವೈದ್ಯರ ಹಾಳೆಯನ್ನು ವೈದ್ಯರಲ್ಲದ ಮೇಲ್ವಿಚಾರಕರು ಪ್ರಶ್ನಿಸುವುದು ಎಷ್ಟು ಮುಜುಗರದ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ.

ವಾಘೋಲಿ, ಹಿಂಜವಡಿ ಕಡೆಯ ಕಟ್ಟಡ ಕೆಲಸದ ಶೆಡ್‌ಗಳಿಂದ ಬರುವ ಕರೆಗಳದ್ದು ಬೇರೆಯೇ ತಾಪತ್ರಯ. ‘ಎದಿ ಹಿಡದೈತ್ರಿ’ ಎಂದರೆ ಕೇಂದ್ರದಲ್ಲಿ ತಿಳಿಯುವವರು ಸಿಗಬೇಕು; ಶೆಡ್ಡಿಗೆ ವಿಳಾಸವೂ ಇರುವುದಿಲ್ಲ. ಫೋನನ್ನು ಗೇಟಿನ ವಾಚ್‌ಮನ್ ಕೈಗೆ ಕೊಟ್ಟು, ಸೈಟಿನ ಹೆಸರು ಮತ್ತು ಯಾವ ಗೇಟು ಎಂದು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿಸಬೇಕು, ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಲ್ಲಬೇಕು. ಮೇಲ್ವಿಚಾರಕರ ಕಡೆಯಿಂದ ಆಗಬೇಕಾದದ್ದು, ತಮ್ಮ ಗಾಡಿ ನಿಲ್ಲುವ ಜಾಗದ ಸುತ್ತಲಿನ ಸೈಟು, ಶೆಡ್, ರಾತ್ರಿ ತೆರೆದಿರುವ ಗೇಟುಗಳ ಪಟ್ಟಿ. ಒಂದು ಕಟ್ಟಡ ಮುಗಿದರೆ ಶೆಡ್ ಮುಂದಿನ ಸೈಟಿಗೆ ಹೋಗುತ್ತದೆ, ಹಾಗಾಗಿ ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಹೊಸದಾಗಿ ಬರೆಯಬೇಕು.