ಮೋಟಾರ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ: ಮೊದಲು ಆಯಿಲ್ ಬಾಟಲಿ ನೋಡಿ

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ದೋಣಿ ನೀರಿಗಿಳಿಸಿದೆವು. ಔಟ್‌ಬೋರ್ಡ್ ಮೋಟಾರ್ ಹಗ್ಗ ಎಳೆದರೆ ಸಲೀಸಾಗಿ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುತ್ತಿಲ್ಲ. ಕಿಡಿ ಕೊಡುವ ಪ್ಲಗ್ ಅನ್ನು ಎರಡು ಸಲ ಬದಲಿಸಿದೆವು. ಇಂಜಿನ್ ಹಾಳಾಗಬಾರದೆಂದು ಪೆಟ್ರೋಲ್‌ಗೆ ಬೆರೆಸುವ ಆಯಿಲ್ ಯಾವಾಗಲೂ ಸ್ವಲ್ಪ ಹೆಚ್ಚೇ ಹಾಕುತ್ತೇವೆ. ಇನ್ನೇನು ಮಾಡಬೇಕು?

ಉತ್ತರ: ಮಾಜಾಳಿಯಿಂದ ಭಟ್ಕಳದವರೆಗೆ ಪ್ರತಿ ಆಗಸ್ಟ್‌ನಲ್ಲಿ ಇದೇ ಪ್ರಶ್ನೆ ಬರುತ್ತದೆ. 10 ಅಶ್ವಶಕ್ತಿ ಮೀರಿದ ಮೋಟಾರ್‌ಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸುಮ್ಮನೆ ಕೂತಿರುತ್ತವೆ; ಎದ್ದ ದಿನವೇ ತಕರಾರು ತೆಗೆಯುತ್ತವೆ. ಹಿಂದೆ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಈ ಸಲ ದಯವಿಟ್ಟು ಬರೆದಿಟ್ಟುಕೊಳ್ಳಿ.

ಸುಲಭದವನ್ನು ಮೊದಲು ಮುಗಿಸೋಣ. ಇಂಜಿನ್ ನಿಲ್ಲಿಸುವ ಸ್ವಿಚ್‌ನ ಕೆಂಪು ಕ್ಲಿಪ್ ತನ್ನ ಜಾಗದಲ್ಲಿದೆಯೇ? ಅದಿಲ್ಲದಿದ್ದರೆ ಎಷ್ಟು ಎಳೆದರೂ ಕಿಡಿ ಬರುವುದಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಬಿಚ್ಚಿದ್ದೀರಾ? ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಾ ಹೋದರೆ ಗಟ್ಟಿಯಾಗಬೇಕು. ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಟ್ಯಾಂಕ್ ಖಾಲಿಯಾಗಿದೆ. ಬಲ್ಬ್ ಮೇಲಿನ ಬಾಣ ಇಂಜಿನ್ ಕಡೆಗೆ ಇರಬೇಕು. ಸೀಮೆಎಣ್ಣೆಯಲ್ಲಿ ಓಡುವ ಮೋಟಾರ್ ಆದರೆ, ಕಳೆದ ಸಲ ನಿಲ್ಲಿಸುವ ಮೊದಲು ಪೆಟ್ರೋಲ್‌ಗೆ ಬದಲಿಸಿದ್ದಿರೋ ಇಲ್ಲವೋ ನೆನಪಿಸಿಕೊಳ್ಳಿ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನಲ್ಲಿ ಸೀಮೆಎಣ್ಣೆ ಉಳಿದಿದ್ದರೆ ತಣ್ಣನೆಯ ಇಂಜಿನ್ ಹೊತ್ತಿಕೊಳ್ಳುವುದಿಲ್ಲ. ಅದನ್ನು ಬಸಿದು ಪೆಟ್ರೋಲ್ ತುಂಬಿಸಬೇಕು.

ಮಳೆಗಾಲದ ಹಳೆಯ ಪೆಟ್ರೋಲ್ ಅಂತೂ ಬೇಡವೇ ಬೇಡ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಿ ತೇವಕ್ಕೇನೂ ಬರವಿಲ್ಲ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅಲುಗಾಡದಂತೆ ಇಡಿ. ಕೆಳಗೆ ನೀರು ಸೇರಿದ ಬೇರೆಯೇ ಪದರ ಕಂಡರೆ ಆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ.

ಇನ್ನು ನಿಮ್ಮ ಪತ್ರದಲ್ಲೇ ಇರುವ ಕಾರಣಕ್ಕೆ ಬರುತ್ತೇನೆ. ಆಯಿಲ್ ಹೆಚ್ಚಾದಷ್ಟೂ ಇಂಜಿನ್‌ಗೆ ಒಳ್ಳೆಯದು ಎಂಬ ನಂಬಿಕೆ ಬೈತ್‌ಖೋಲ್ ಧಕ್ಕೆಯಲ್ಲೂ ಇದೆ, ತದಡಿಯಲ್ಲೂ ಇದೆ. ಅದು ತಪ್ಪು. ಎಷ್ಟು ಸಲ ಹೇಳಿದರೂ ಹೋಗದ ತಪ್ಪು.

ಇದರ ಮೂಲ ನನಗೆ ಗೊತ್ತಿದೆ. ಹೊಸ ಟೂ ಸ್ಟ್ರೋಕ್ ಮೋಟಾರ್ ತಂದಾಗ ಮೊದಲ 10 ಗಂಟೆ 25 ಪಾಲು ಪೆಟ್ರೋಲ್‌ಗೆ 1 ಪಾಲಿನಂತೆ ಆಯಿಲ್ ಹಾಕಿ ಎಂದು ಹೇಳುತ್ತಾರೆ. ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗಿನ ಮಾತದು. ಆಮೇಲೆ ಬಹುತೇಕ ಪೆಟ್ರೋಲ್ ಮೋಟಾರ್‌ಗಳಿಗೆ 50ಕ್ಕೆ 1 ಸಾಕು, ಎಂದರೆ ಲೀಟರಿಗೆ 20 ಮಿಲಿ. ಆ 10 ಗಂಟೆಯ ನಿಯಮ ನಮ್ಮಲ್ಲಿ ಜೀವನಪರ್ಯಂತದ ನಿಯಮವಾಗಿಬಿಟ್ಟಿದೆ. ಅದಕ್ಕೆ ‘ಟ್ಯಾಂಕಿಗೊಂದು ಬಾಟಲಿ’ ಎಂಬ ಲೆಕ್ಕ ಬೇರೆ ಸೇರಿಕೊಂಡಿದೆ. 24 ಲೀಟರ್ ಟ್ಯಾಂಕಿಗೆ ಬೇಕಾದದ್ದು 480 ಮಿಲಿ. ನೀವು ಸುರಿಯುವುದು ಒಂದು ಲೀಟರ್. ಎರಡು ಪಟ್ಟಿಗಿಂತಲೂ ಹೆಚ್ಚಾಯಿತು.

ಹೆಚ್ಚಿನ ಆಯಿಲ್ ಎಲ್ಲಿ ಹೋಗುತ್ತದೆ? ಬೇರಿಂಗ್‌ಗೂ ಸಿಲಿಂಡರ್ ಗೋಡೆಗೂ ಬೇಕಾದದ್ದು ತೆಳುವಾದ ಒಂದು ಪದರ. ಮಿಕ್ಕಿದ್ದು ಪೆಟ್ರೋಲ್ ಜೊತೆ ಮೇಲೆ ಹೋಗಿ ಅರ್ಧಂಬರ್ಧ ಉರಿದು ಮಸಿಯಾಗುತ್ತದೆ. ಆ ಮಸಿ ಪ್ಲಗ್‌ನ ತುದಿಯಲ್ಲಿ, ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ, ಹೊಗೆ ಹೋಗುವ ದಾರಿಯಲ್ಲಿ ಕಟ್ಟುತ್ತದೆ. ರಿಂಗ್ ಸಿಕ್ಕಿಕೊಂಡರೆ ಸಿಲಿಂಡರ್ ಒಳಗಿನ ಒತ್ತಡ ಕಡಿಮೆಯಾಗುತ್ತದೆ, ಆಗ ಸ್ಟಾರ್ಟ್ ಮಾಡುವುದು ಇನ್ನೂ ಕಷ್ಟ. ಮಳೆಗಾಲದಲ್ಲಿ ಮತ್ತೊಂದು ತೊಂದರೆ: ಕಾರ್ಬೊರೇಟರ್‌ನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಆವಿಯಾಗುತ್ತದೆ, ಆಯಿಲ್ ಅಲ್ಲೇ ಉಳಿದು ಅಂಟಾಗುತ್ತದೆ, ಪೆಟ್ರೋಲ್ ಹಾಯುವ ಸೂಜಿಮೊನೆಯಷ್ಟಿರುವ ರಂಧ್ರ, ಅಂದರೆ ಜೆಟ್, ಕಟ್ಟಿಕೊಳ್ಳುತ್ತದೆ. ಹೀಗಿರುವಾಗ ಪ್ಲಗ್ ಬದಲಿಸಿ ಏನು ಉಪಯೋಗ? ಪ್ಲಗ್ ತೆಗೆದು ನೋಡಿ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಹೆಚ್ಚಾಗಿದೆ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಚೋಕ್ ಎಳೆದು ಎಳೆದು ಮುಳುಗಿಸಿದ್ದೀರಿ, ಇಲ್ಲವೇ ಕಿಡಿ ಬರುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಜೆಟ್ ಬಿಚ್ಚಿ ತೊಳೆಯಿರಿ.

ಬೈಕಿನ ಟೂ ಸ್ಟ್ರೋಕ್ ಆಯಿಲ್ ಹಾಕುವವರಿಗೂ ಇದೇ ಕಷ್ಟ. ಅದು ಗಾಳಿಯಿಂದ ತಣಿಯುವ ಇಂಜಿನ್‌ಗೆ ಮಾಡಿದ್ದು. ಔಟ್‌ಬೋರ್ಡ್‌ಗೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ, ಬೂದಿ ಉಳಿಸದ ಆಯಿಲ್ ಬೇಕು. ಸೀಮೆಎಣ್ಣೆ ಮೋಟಾರ್‌ಗೆ ಅದರ ಕೈಪಿಡಿ ಬೇರೆ ಪ್ರಮಾಣ ಹೇಳಿದ್ದರೆ ಅದನ್ನೇ ಪಾಲಿಸಿ. ಫೋರ್ ಸ್ಟ್ರೋಕ್ ಇದ್ದವರು ಪೆಟ್ರೋಲ್‌ಗೆ ಆಯಿಲ್ ಬೆರೆಸಲೇಬಾರದು. ಅಳತೆ ಗುರುತಿರುವ ಒಂದು ಪ್ಲಾಸ್ಟಿಕ್ ಲೋಟವನ್ನು ಟ್ಯಾಂಕಿಗೆ ಕಟ್ಟಿಡಿ ಎಂದು ನಾನು ಹೇಳಿಕೊಟ್ಟ ಹುಡುಗರು ಈಗ ತಾವೇ ಬೇರೆಯವರಿಗೆ ಲೆಕ್ಕ ಹೇಳುತ್ತಾರೆ. ನನಗೆ ಅದು ಹೆಮ್ಮೆ.

ಅಳಿವೆಯಲ್ಲಿ ದೋಣಿ ಮಗುಚಿ ಮೋಟಾರ್ ಮುಳುಗಿದರೆ ಏನು ಮಾಡಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಳಿ, ಗಂಗಾವಳಿ, ಶರಾವತಿ, ಯಾವ ನದಿಯ ಬಾಯಿಯಲ್ಲಾದರೂ ಇದು ಆಗುವಂಥದ್ದು. ಎಲ್ಲರೂ ಮೇಲೆತ್ತಿದ ಮೋಟಾರನ್ನು ಬಿಸಿಲಿಗೆ ಒಣಗಲು ಇಡುತ್ತಾರೆ. ಹಾಗೆ ಮಾಡಬೇಡಿ. ಉಪ್ಪುನೀರು ತಾಗಿದ ಉಕ್ಕಿಗೆ ಗಾಳಿ ಸಿಕ್ಕಿದೊಡನೆ ತುಕ್ಕು ಶುರುವಾಗುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಪ್ಲಗ್ ಬಿಚ್ಚಿ, ಪ್ಲಗ್ ರಂಧ್ರ ಕೆಳಮುಖವಾಗುವಂತೆ ಮಲಗಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಹೊರಹಾಕಿ. ತಿರುಗುವಾಗ ತಡೆದರೆ ಬಲ ಹಾಕಬೇಡಿ. ಒಳಗೆ ರಾಡ್ ಬಾಗಿರಬಹುದು. ಆಮೇಲೆ ಸಿಲಿಂಡರ್‌ಗೆ ಆಯಿಲ್ ಬಿಟ್ಟು, ಕಾರ್ಬೊರೇಟರ್ ತೊಳೆದು, ಒಂದೆರಡು ಗಂಟೆಯೊಳಗೆ ಸ್ಟಾರ್ಟ್ ಮಾಡಲು ನೋಡಿ. ಮೆಕ್ಯಾನಿಕ್ ಮರುದಿನವೇ ಸಿಗುವುದಾದರೆ, ಅಲ್ಲಿಯವರೆಗೆ ಮೋಟಾರನ್ನು ಸಿಹಿನೀರು ತುಂಬಿದ ಡ್ರಮ್‌ನಲ್ಲಿ ಪೂರ್ತಿ ಮುಳುಗಿಸಿಯೇ ಇಡಿ.