ನರ್ಸಿಂಗ್ ಸ್ಟೂಡೆಂಟ್ ಅಂದ್ರೆ ಸ್ಟೂಡೆಂಟಾ, ಬಿಟ್ಟಿ ಆಳಾ?

ಲ್ಯಾಂಪ್ ಲೈಟಿಂಗ್ ದಿನ ನರ್ಸಿಂಗ್ ಮಕ್ಕಳು ದೀಪ ಹಿಡ್ಕೊಂಡು ಒಂದು ಪ್ರತಿಜ್ಞೆ ಹೇಳ್ತಾರಲ್ಲ, ಅದು ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲೇ ಬರ್ದಿದ್ದು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ನರ್ಸಿಂಗ್ ಸ್ಕೂಲ್ ನಡೆಸ್ತಿದ್ದ ಲಿಸ್ಟ್ರಾ ಗ್ರೆಟರ್ ಮತ್ತೆ ಅವರ ಕಮಿಟಿ ಬರ್ದಿದ್ದು, ಹೆಸರು ಮಾತ್ರ ನೈಟಿಂಗೇಲ್‌ದು. ಹಾನಿ ಮಾಡೋ ಔಷಧಿ ಕೊಡಲ್ಲ, ರೋಗಿ ಗುಟ್ಟು ಬಿಟ್ಟುಕೊಡಲ್ಲ ಅಂತ ಅದರಲ್ಲಿದೆ, ಡಾಕ್ಟರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗ್ತೀನಿ ಅಂತಾನೂ ಇದೆ. ಸರಿ, ಡಾಕ್ಟರ್ ಬರ್ದಿರೋ ಡೋಸೇ ತಪ್ಪಿದ್ರೆ? ನರ್ಸಿಂಗ್ ಓದು ಯಾತಕ್ಕೆ ಅನ್ನೋ ಜಗಳ ಎಲ್ಲಾ ಇಲ್ಲೇ ಇರೋದು.

1860ರಲ್ಲಿ ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಸ್ಕೂಲ್ ಶುರುವಾದಾಗ ದುಡ್ಡು ಬಂದಿದ್ದು ಜನರ ದೇಣಿಗೆಯಿಂದ, ಹುಡುಗಿಯರು ಇದ್ದಿದ್ದು ಡಾಕ್ಟರ್‌ಗಳ ಕೈಕೆಳಗಲ್ಲ, ಮೇಟ್ರನ್ ಅಂದ್ರೆ ನರ್ಸ್‌ಗಳ ಮುಖ್ಯಸ್ಥೆ ಕೈಕೆಳಗೆ. ಆದ್ರೆ ಕಲಿಯೋದು ವಾರ್ಡಲ್ಲಿ ದುಡೀತಾನೇ. ಈ ಮಾದರಿ ಬೇರೆ ಕಡೆ ಹಬ್ಬಿದಾಗ ಆಸ್ಪತ್ರೆಯವರಿಗೆ ಲೆಕ್ಕ ಹೊಳೀತು, ಸ್ಕೂಲ್ ತೆಗೆದ್ರೆ ಕಮ್ಮಿ ಖರ್ಚಲ್ಲಿ ಕೈಗಳು ಸಿಗ್ತವೆ ಅಂತ. ಅಮೆರಿಕದಲ್ಲಿ ನರ್ಸಿಂಗ್ ಓದಿನ ಬಗ್ಗೆ ಬಂದ 1923ರ ಗೋಲ್ಡ್‌ಮಾರ್ಕ್ ವರದಿ ಇದನ್ನ ಎತ್ತಿ ತೋರಿಸ್ತು, ಅದೇ ವರ್ಷ ಯೇಲ್ ಯೂನಿವರ್ಸಿಟಿ ವಾರ್ಡಿನ ಅಗತ್ಯ ನೋಡ್ದೆ ಓದಿನ ಪ್ಲಾನ್ ಮೇಲೆ ನಡೆಯೋ ನರ್ಸಿಂಗ್ ಸ್ಕೂಲ್ ತೆಗೀತು.

ನಮ್ಮಲ್ಲಿ 1871ರಲ್ಲೇ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಶುರುವಾಗಿತ್ತು, ಆದ್ರೂ 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆ ಸರ್ವೇ ಮಾಡಿದ ಸರ್ಕಾರಿ ಭೋರ್ ಕಮಿಟಿ ಎಣಿಸಿದಾಗ ಸುಮಾರು 43,000 ಜನಕ್ಕೆ ಒಬ್ಬ ನರ್ಸ್! ಅದೇ ವರ್ಷ ದೆಹಲಿ ಮತ್ತೆ ವೆಲ್ಲೂರಲ್ಲಿ ಬಿಎಸ್ಸಿ ನರ್ಸಿಂಗ್ ಬಂತು, ಮಾರನೇ ವರ್ಷ ನರ್ಸಿಂಗ್ ಓದಿನ ಮಟ್ಟ ನೋಡ್ಕೊಳ್ಳೋಕೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ, ಈಗಿನ ನಿಮ್ಹಾನ್ಸ್, 50ರ ದಶಕದಲ್ಲೇ ಸೈಕಿಯಾಟ್ರಿಕ್ ನರ್ಸಿಂಗ್ ಕಲಿಸೋಕೆ ಹೊರಟಿತ್ತು, ಇದನ್ನ ನಾವು ಇನ್ನಷ್ಟು ಹೇಳ್ಕೋಬೇಕಿತ್ತು ಅನ್ಸುತ್ತೆ. 2023ರಲ್ಲಿ ಹಳೇ ಕಾಯ್ದೆ ಜಾಗಕ್ಕೆ ಹೊಸ ನರ್ಸಿಂಗ್ ಕಮಿಷನ್ ಕಾಯ್ದೆ ಪಾಸಾಯ್ತು.

ಪುಸ್ತಕದಲ್ಲಿ ಈಗ ರೋಗಿ ಪರ ಮಾತಾಡೋದೂ ನರ್ಸ್ ಕೆಲಸ, ಡೋಸ್ ಬಗ್ಗೆ ಡೌಟ್ ಇದ್ರೆ ಕೊಡೋ ಮುಂಚೆ ಡಾಕ್ಟರ್‌ನ ಕೇಳ್ಲೇಬೇಕು ಅಂತಿದೆ. ಆದ್ರೆ ಹೇಳಿದ್ದು ಕೇಳ್ಕೊಂಡು ಬಿದ್ದಿರೋ ಹುಡುಗಿನೇ ಒಳ್ಳೇ ಸ್ಟೂಡೆಂಟ್ ಅಂತ ನಾಲ್ಕು ವರ್ಷ ಬೆಳೆಸಿ, ಸ್ಟಾಫ್ ಕಮ್ಮಿ ಅಂತ ಕ್ಲಾಸ್ ಬಿಡಿಸಿ ನೈಟ್ ಡ್ಯೂಟಿಗೆ ಹಾಕಿದ್ರೆ, ಬೆಳಗಿನ ರೌಂಡ್ಸಲ್ಲಿ ಅವಳು ಬಾಯಿ ಬಿಟ್ಟು ‘ಸರ್, ಈ ಡೋಸ್ ಜಾಸ್ತಿ ಆಯ್ತಲ್ವಾ’ ಅಂತ ಹೆಂಗೆ ಕೇಳ್ತಾಳೆ?